ಖಾಲಿ ಬೆಂಚಿನ ಉಸಿರು

ಮೂವತ್ತೆಂಟನೆಯ ಉಸಿರಾಟದ ಯಂತ್ರವನ್ನು ಪರೀಕ್ಷೆಯ ಬೆಂಚಿನಿಂದ ಇಳಿಸಿ, ಚಕ್ರ ಸರಿಪಡಿಸಲೆಂದು ಫಿಟ್ಟರ್ ಒಯ್ದು ಐದು ನಿಮಿಷವಾಗಿತ್ತು. ಪರೀಕ್ಷೆಯ ಕೊಳವೆ ಬರಿದೇ ತೂಗುತ್ತಿತ್ತು. ಆದರೂ ಪರದೆಯ ಮೇಲೆ ಹಸಿರು ಗೆರೆ ಮೆಲ್ಲಗೆ ಮೇಲೇರುತ್ತಿತ್ತು, ಕ್ಷಣ ತಂಗುತ್ತಿತ್ತು, ಇಳಿಯುತ್ತಿತ್ತು. ಇಂಜಿನಿಯರ್ ಕೊಳವೆಯ ಬಾಯಿಗೆ ಅಂಗೈ ಒತ್ತಿ ಹಿಡಿದ. ಗಾಳಿಯ ಸುಳಿವೇ ಇಲ್ಲ. ಪರದೆಯಲ್ಲಿ ಮಾತ್ರ ಯಾರೋ ಉಸಿರಾಡುತ್ತಲೇ ಇದ್ದರು. ಪಕ್ಕದಲ್ಲಿ 'ಪಾಸ್' ದೀಪ ಉರಿಯುತ್ತಿತ್ತು.

"ಯಂತ್ರ ಇಲ್ಲದೇನೇ ಪಾಸಾಗೋ ಹಾಗಿದ್ರೆ ಮೂರು ದಿನದಿಂದ ನಾನ್ಯಾಕೆ ಸೊಂಟ ಮುರ್ಕೊಂಡೆ ಸಾರ್?" ಎಂದ ಫಿಟ್ಟರ್, ಬಾಗಿಲಲ್ಲೇ ನಿಂತು. ಇಂಜಿನಿಯರ್ ನಗಲಿಲ್ಲ.

ಆ ಬೆಂಚನ್ನು ಕಟ್ಟಿದ್ದು ಅವನ ಭಾವ. ಅಕ್ಕನ ಗಂಡನೂ ಹೌದು, ಕೆಲಸ ಕಲಿಸಿದ ಗುರುವೂ ಹೌದು. ಎಂಟು ತಿಂಗಳ ಹಿಂದೆ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಅದರ ಪ್ರೋಗ್ರಾಮನ್ನು ಅವರು ಬರೆದಿರಲಿಲ್ಲ, ಬಿಡಿಸಿದ್ದರು: ಒಂದೊಂದು ಕೆಲಸಕ್ಕೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಬಣ್ಣದ ತಂತಿ. ಗಾಳಿ ಅಳೆಯುವ ಸೆನ್ಸರಿನಿಂದ ಹೊರಟ ಅಳತೆ ಆ ತಂತಿಗಳಲ್ಲಿ ಹರಿದು ಬಂದು ದೀಪವನ್ನು ಬೆಳಗಬೇಕು. ಭಾವ ಬಿಡಿಸಿದ್ದೆಂಬ ಮಮತೆಯಿಂದ ಇಂಜಿನಿಯರ್ ಅದರ ಒಂದೆಳೆಯನ್ನೂ ಅಲುಗಿಸಿರಲಿಲ್ಲ. ಫಲಿತಾಂಶ ದಾಖಲಿಸುವ ದೊಡ್ಡದೊಂದು ಚೌಕವನ್ನು ಮಾತ್ರ ತಂದು ಮೂಲೆಯಲ್ಲಿ ಇಟ್ಟಿದ್ದ. ಈಗ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನು ತೆರೆದು ಆ ಚೌಕವನ್ನು ಪಕ್ಕಕ್ಕೆ ಸರಿಸಿದರೆ, ಅದರಡಿಯಲ್ಲಿ ಚಿಕ್ಕದೊಂದು ಅವಿತುಕೊಂಡಿತ್ತು. ಮಗ್ಗುಲಲ್ಲಿ ಭಾವನ ಟಿಪ್ಪಣಿ: 'ಡಮ್ಮಿ. ಸೆನ್ಸರ್ ಬಂದ ಕೂಡಲೇ ತೆಗೆಯುವುದು.' ಸೆನ್ಸರ್ ಕೈಸೇರುವ ತನಕ ಕೆಲಸ ನಿಲ್ಲದಿರಲೆಂದು ಸುಳ್ಳು ಅಳತೆ ಕೊಡುವ ಇಂಥ ಚೌಕವನ್ನು ಎಲ್ಲರೂ ಇಡುತ್ತಾರೆ, ಆಮೇಲೆ ಕಿತ್ತುಹಾಕುತ್ತಾರೆ. ಇಲ್ಲಿ ಅದನ್ನು ಮುಚ್ಚಿದವನು ತಾನೇ. ಪಾಸಾದ ಮೂವತ್ತೇಳು ಯಂತ್ರಗಳಲ್ಲಿ ಒಂದನ್ನೂ ಅಳೆದೇ ಇರಲಿಲ್ಲ.

ಡಮ್ಮಿಯ ಒಳಗಿದ್ದದ್ದು ನಾಲ್ಕು ನಿಮಿಷದ ಒಂದು ಫೈಲು, ಹೆಸರು 'ಅಡುಗೆಮನೆ'. ಅಕ್ಕನಿಗೆ ಫೋನ್ ಮಾಡಿದ. ಅವಳಿಗೆ ತಟ್ಟನೆ ನೆನಪಾಯಿತು. ಕಾಯಿಲೆ ಗೊತ್ತಾಗುವುದಕ್ಕೆ ಮೊದಲಿನ ಒಂದು ಭಾನುವಾರ, ಎರವಲು ತಂದ ಉಸಿರಳೆಯುವ ಮೀಟರನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡು ಭಾವ ಕೊಳವೆಯೊಳಗೆ ಉಸಿರಾಡುತ್ತ ಕೂತಿದ್ದರಂತೆ. ಹೆರಿಗೆ ನೋವು ಶುರುವಾಯಿತೇ ಎಂದು ಅವಳು ಕೇಳಿದ್ದಕ್ಕೆ ನಗು ತಡೆಯಲಾರದೆ ನಡುವೆ ಒಮ್ಮೆ ಉಸಿರಿನ ಲಯ ತಪ್ಪಿಸಿಕೊಂಡಿದ್ದರಂತೆ.

ಮೊದಲ ಯಂತ್ರದ ದಾಖಲೆಯಲ್ಲಿ ಆ ನಗು ಇತ್ತು: ಎರಡನೆಯ ನಿಮಿಷದಲ್ಲಿ ಗೆರೆ ನಾಲ್ಕೈದು ಬಾರಿ ಕುಲುಕಿತ್ತು. ಮುಗಿದ ಫೈಲು ಮತ್ತೆ ಮೊದಲಿನಿಂದಲೇ ಸುತ್ತುವುದರಿಂದ ಪ್ರತಿ ದಾಖಲೆಯಲ್ಲೂ ಅದೇ ನಗು ಇರಬೇಕಿತ್ತು. ಹತ್ತನೆಯದರಲ್ಲಿ ಇರಲಿಲ್ಲ. ಹದಿನೆಂಟನೆಯದರಲ್ಲಿ ಕೆಮ್ಮಿತ್ತು. ಮೂವತ್ತರ ಹೊತ್ತಿಗೆ ಉಸಿರು ಗಿಡ್ಡವಾಗಿ, ಮೆಟ್ಟಿಲು ಹತ್ತುವ ಮುದುಕನಂತೆ ಪ್ರತಿ ಏರಿಕೆಯ ನಡುವೆಯೂ ತಂಗುತ್ತಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಭಾವನ ಹಾಸಿಗೆಯ ಪಕ್ಕದಲ್ಲಿ ಕೂತು ಅವನು ಎಣಿಸಿದ್ದ ಉಸಿರು ಅದು. ಅದನ್ನು ಯಾರೂ ಯಾವ ಫೈಲಿಗೂ ತುಂಬಿರಲಿಲ್ಲ. ದೀಪ ಮಾತ್ರ ಪ್ರತಿ ಸಲವೂ ಹಸಿರು. ಅವನು ಮೂರು ದಿನ ನೋಡಿದ್ದು ದೀಪವನ್ನಷ್ಟೇ.

ಇದನ್ನು ಅಕ್ಕನಿಗೆ ಹೇಳಬಾರದಿತ್ತು, ಹೇಳಿಬಿಟ್ಟ. ಆ ಕಡೆಯಿಂದ ಅವಳು ಕೇಳಿದಳು:

"ಈಗಲೂ ಓಡ್ತಾ ಇದೆಯಾ?"

"ಓಡ್ತಿದೆ ಅಕ್ಕ."

"ನಿಲ್ಲಿಸಬೇಡ ಕಣೋ. ಬಸ್ಸು ಹಿಡಿದು ಬರ್ತೀನಿ, ಎರಡು ಗಂಟೆ ಸಾಕು. ಅವತ್ತೂ ನಾನು ಬರೋದ್ರೊಳಗೆ ಎಲ್ಲ ಮುಗಿದುಹೋಗಿತ್ತು."

ಅವನು "ಬಾ" ಎಂದು ಫೋನ್ ಇಟ್ಟ. ಗಡಿಯಾರದಲ್ಲಿ ಹನ್ನೆರಡಾಗಲು ಕೆಲವೇ ನಿಮಿಷ. ನಾಲ್ಕಕ್ಕೆ ಲಾರಿ, ನಲವತ್ತು ಯಂತ್ರಗಳಿಗಾಗಿ ಒಂದು ಆಸ್ಪತ್ರೆ ವಾರ್ಡು ಸಜ್ಜು ಮಾಡಿಕೊಂಡು ಕಾಯುತ್ತಿತ್ತು, ರೋಗಿಗಳು ಆಗಲೇ ಬಂದು ಮಲಗಿದ್ದರು. ಡಮ್ಮಿ ತೆಗೆದು, ಸೆನ್ಸರಿನ ತಂತಿ ಜೋಡಿಸಿದ ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿ ಸಿದ್ಧವಿತ್ತು. ಇದ್ದದ್ದೊಂದೇ ಬೆಂಚು, ಅದರಲ್ಲಿ ಮೂರು ದಿನದಿಂದ ಎಡೆಬಿಡದೆ ಓಡುತ್ತಿರುವುದನ್ನು ನಿಲ್ಲಿಸದೆ ಹೊಸದನ್ನು ಹಾಕುವಂತಿರಲಿಲ್ಲ. ನಿಲ್ಲಿಸಿದರೆ ಅಡುಗೆಮನೆಯ ನಗು ಫೈಲಿನಲ್ಲಿ ಉಳಿಯುತ್ತದೆ. ಈ ಉಸಿರು ಎಲ್ಲಿ ಉಳಿಯುತ್ತದೆಂದು ಅವನಿಗೆ ತಿಳಿಯದು.

"ಮೂವತ್ತೆಂಟು ರೆಡಿ ಸಾರ್, ಹಚ್ಚಲಾ?" ಎಂದು ಫಿಟ್ಟರ್ ಯಂತ್ರವನ್ನು ತಳ್ಳಿಕೊಂಡು ಬಂದ.

"ಒಂದರಿಂದ ತನ್ನಿ."

"ಎಲ್ಲಾನೂ?"

"ಎಲ್ಲಾನೂ."

ಫಿಟ್ಟರ್ ಬೆರಳು ಮಡಚಿದ. ಒಂದೊಂದಕ್ಕೆ ಆರು ನಿಮಿಷವೆಂದರೂ ಊಟ ಬಿಟ್ಟರೆ ಮಾತ್ರ ನಾಲ್ಕಕ್ಕೆ ಸರಿಹೋದೀತು, ಅದೂ ಈಗಲೇ ಶುರುಮಾಡಿದರೆ ಎಂದು ಗೊಣಗಿ, ಮೊದಲನೆಯದನ್ನು ತರಲು ಹೋದ.

ಇಂಜಿನಿಯರ್ ನಿಲುಗಡೆಯ ಗುಂಡಿಯ ಮೇಲೆ ಬಾಣದ ಗುರುತನ್ನು ತಂದಿಟ್ಟ. ಪರದೆಯಲ್ಲಿ ಗೆರೆ ಏರತೊಡಗಿತ್ತು. ನಡುವೆ ಎಲ್ಲೂ ತಂಗಲಿಲ್ಲ. ಮೂರು ದಿನಗಳಲ್ಲಿ ಎಂದೂ ಮುಟ್ಟದಿದ್ದ ಎತ್ತರವನ್ನು ಮುಟ್ಟಿ, ಅಲ್ಲಿ ನಿಂತುಬಿಟ್ಟಿತು. ಹತ್ತು ಸೆಕೆಂಡಾಯಿತು. ಇಪ್ಪತ್ತಾಯಿತು. ಸೂಜಿಗೆ ತೋಳೊಡ್ಡಿ, ಬೇಗ ಮುಗಿಸಿಬಿಡು ಎಂಬಂತೆ ಉಸಿರು ಬಿಗಿಹಿಡಿದವರ ಹಾಗೆ, ಅವನು ಗುಂಡಿ ಒತ್ತುವ ತನಕ ಆ ಗೆರೆ ಅಲ್ಲಾಡಲೇ ಇಲ್ಲ.