ಬಂಗಡೆ ಹೆಚ್ಚಾಗಿದೆ

"ಮಾವ, ಗುರುದತ್ತರ ಹತ್ರ ನೀವು ಎಂತ ಹೇಳಿದ್ರಿ?"

ಸೊಸೆ ಸುಚಿತಾ ಮೊಬೈಲನ್ನು ಮುಂದಕ್ಕೆ ಚಾಚಿಕೊಂಡು ಜಗಲಿಗೆ ಬಂದಾಗ ಮಾಸ್ತಿ ಕುಟ್ಟಿದ ಎಲೆಯಡಿಕೆಯ ಕವಳ ಜಗಿಯುತ್ತ ಮಳೆ ನೋಡುತ್ತಿದ್ದ. ಎಂತ ಹೇಳಿದ್ದೆನ್ನುವುದು ಅವನಿಗೆ ಚೆನ್ನಾಗಿ ನೆನಪಿತ್ತು. ಹೇಳಿದ ದಿನದಿಂದ ಕಾಸರಕೋಡಿನ ಆ ಕೇರಿಯಲ್ಲಿ ಅದನ್ನು ಕೇಳಿಸಿಕೊಳ್ಳದ ಮನುಷ್ಯ ಉಳಿದಿರಲಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಮಾಸ್ತಿಯ ಮಾತನ್ನು ಬೆಂಗಳೂರಿನ ಏಜೆನ್ಸಿಯವರು ಬರೆದುಕೊಂಡರೆಂದರೆ ಸಣ್ಣ ಸಂಗತಿಯೇ?

ಸುಚಿತಾಳ ಒಣಮೀನಿನ ಆನ್‌ಲೈನ್ ಅಂಗಡಿಗೆ ಜನ ಬರುತ್ತಿದ್ದರು, ಫೋಟೋ ನೋಡುತ್ತಿದ್ದರು, ಹಾಗೇ ಹೋಗುತ್ತಿದ್ದರು. ನೋಡಿ ಹೋಗುವವರನ್ನು ಕೊಳ್ಳುವವರನ್ನಾಗಿ ಮಾಡುವುದೇ ಆ ಏಜೆನ್ಸಿಯ ಕಸುಬು. ಈ ಮಳೆಗಾಲದಲ್ಲೂ ವ್ಯಾಪಾರ ಕುದುರದಿದ್ದರೆ ಅಂಗಡಿ ಮುಚ್ಚಿ, ಮತ್ತೆ ಕುಮಟೆಯ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದೆಂದು ಸುಚಿತಾ ತೀರ್ಮಾನಿಸಿದ್ದಳು. ಬರಹವೆಲ್ಲ ನಿಮ್ಮೂರ ಮಾತಿನಲ್ಲೇ ಇರಲಿ, ಜನಕ್ಕೆ ನಂಬಿಕೆ ಹುಟ್ಟುತ್ತದೆ ಎಂದು ಏಜೆನ್ಸಿಯ ಗುರುದತ್ತ ಸಲಹೆ ಕೊಟ್ಟಿದ್ದ. ಹೋದ ವಾರ ಸುಚಿತಾ ಸೊಸೈಟಿಗೆ ಹೋದ ಹೊತ್ತಿನಲ್ಲಿ ಅವನ ಫೋನು ಬಂತು. ಎತ್ತಿದ್ದು ಮಾಸ್ತಿ. "ಅಜ್ಜಾ, ಮಾಲು ಪೂರ್ತಿ ಮುಗಿದುಹೋದಾಗ ನಿಮ್ಮ ಕಡೆ ಏನಂತಾರೆ?" ಎಂದು ಅವನು ಕೇಳಿದ.

ಮುಗಿಯಿತು ಎಂಬ ಮಾತು ಮಾಸ್ತಿಯ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಅಕ್ಕಿ ಮುಗಿದರೂ ಹೆಚ್ಚಾಗಿದೆ ಎನ್ನಬೇಕು, ಎಣ್ಣೆ ಮುಗಿದರೂ ಹೆಚ್ಚಾಗಿದೆ ಎನ್ನಬೇಕು. ಮುಗಿಯಿತೆಂದರೆ ಲಕ್ಷ್ಮಿ ಎದ್ದು ನಡೆಯುತ್ತಾಳೆ. ಅವನ ಅವ್ವ ಗಣಪಿ ಹೊನ್ನಾವರ ಪೇಟೆಯಿಂದ ಬರಿ ಬುಟ್ಟಿ ಹೊತ್ತು ಬರುವಾಗ ಯಾರಾದರೂ ಮೀನು ಕೇಳಿದರೆ, "ಹೆಚ್ಚಾತು, ಒಡ್ಯಾ" ಎಂದೇ ಮುಂದೆ ಹೋಗುತ್ತಿದ್ದಳು. ಮಾಸ್ತಿ ಗುರುದತ್ತನಿಗೂ ಅದನ್ನೇ ಬಿಡಿಸಿ ಬಿಡಿಸಿ ಹೇಳಿದ್ದ. ಚಕಾರಕ್ಕೆ ಒತ್ತು ಕೊಡಲು ಮರೆಯಬೇಡಿ ಎಂದು ಎಚ್ಚರಿಸಿಯೂ ಇದ್ದ.

ಈಗ ಮೊಬೈಲಿನಲ್ಲಿ ಬಂಗಡೆಯ ಚಿತ್ರದ ಕೆಳಗೆ ಕೆಂಪಕ್ಷರದಲ್ಲಿ 'ಹೆಚ್ಚಾಗಿದೆ' ಎಂದಿತ್ತು, ಒತ್ತಿನ ಸಮೇತ. ಹೊಸ ಮಾಲಿಗೆ ಕಾಯುವವರು ಕಾಯಲಿ ಎಂದು ಏಜೆನ್ಸಿಯವರು ಕೊಳ್ಳುವ ಗುಂಡಿಯನ್ನು ಮಾತ್ರ ತೆಗೆದಿರಲಿಲ್ಲ. ಊರೂರಿನ ಜನ ಅದನ್ನು ಒತ್ತಿದ್ದೇ ಒತ್ತಿದ್ದು.

"ಅಜ್ಜಾ, ನಿಮ್ಮ ಪದಕ್ಕೆ ನಮ್ಮ ಆಫೀಸಲ್ಲಿ ಚಪ್ಪಾಳೆ ಹೊಡೆದ್ರು" ಎಂದ ಗುರುದತ್ತ, ಸುಚಿತಾ ಸ್ಪೀಕರಿಗೆ ಹಾಕಿದ್ದ ಫೋನಿನ ಒಳಗಿನಿಂದ. "ಕಾದು ತಗೊಳ್ಳೋಕೆ ಇಷ್ಟು ಜನ ಇದಾರೆ ಅಂತ ನಮಗೆ ಗೊತ್ತೇ ಇರಲಿಲ್ಲ."

"ಯಾರೂ ಕಾಯ್ತಾ ಇಲ್ಲ, ಸರ್" ಎಂದಳು ಸುಚಿತಾ. "ಬಂಗಡೆ ರಾಶಿ ಬಿದ್ದದೆ, ನಾಳೆಯೇ ಬತ್ತದೆ ಅಂತ ತಿಳ್ಕೊಂಡಿದ್ದಾರೆ. ಇಲ್ಲಿ ಬೋಟೆಲ್ಲ ದಡ ಹತ್ತಿ ಕೂತವೆ. ಒಣಗ್ಸೂಕೆ ಬಿಸಿಲೂ ಇಲ್ಲ."

ಗುರುದತ್ತ ತಗ್ಗಿದ ದನಿಯಲ್ಲಿ, "ಸಂಜೆಯೊಳಗೆ ಎಲ್ಲರಿಗೂ ನೀವೇ ಫೋನ್ ಮಾಡಿ ಹೇಳಿಬಿಡಿ. ಇಲ್ಲಾಂದ್ರೆ ಬೈದು ಬರೀತಾರೆ, ಒಂದೇ ಸ್ಟಾರ್ ಕೊಡ್ತಾರೆ. ಆಮೇಲೆ ಈ ಅಂಗಡೀನ ನಾವಂತೂ ಎತ್ತಿ ನಿಲ್ಲಿಸೋಕಾಗಲ್ಲ" ಎಂದ.

ಸುಚಿತಾ ಮೊಬೈಲನ್ನು ಮಾವನ ಕೈಗೆ ಕೊಟ್ಟಳು. "ಹೆಚ್ಚು ಮಾಡಿದವರೇ ಕಮ್ಮಿ ಮಾಡಿ" ಎಂದು, ತಲೆ ಸಿಡಿಯುತ್ತದೆಂದು ಒಳಗೆ ಹೋಗಿ ಮಲಗಿದಳು.

ಮಾಸ್ತಿ ಕವಳ ಉಗಿದು, ಅಂಗಳದ ತೆಂಗಿನ ಮರದ ಕಡೆ ತಿರುಗಿ "ಇಲ್ಲ, ಇಲ್ಲ" ಎಂದು ಅಭ್ಯಾಸ ಮಾಡಿದ. ಈ ವಯಸ್ಸಿನಲ್ಲಿ ಹೊಸ ಪಾಠ. ಫೋನಿನಲ್ಲಿ ಮೊದಲು ಸಿಕ್ಕಿದ್ದು ಹುಬ್ಬಳ್ಳಿಯ ಹೆಂಗಸೊಬ್ಬಳು.

"ತಾಯೀ, ಬಂಗಡೆ ಇಲ್ಲ. ಹೆಚ್ಚಾಗಿದೆ ಅಂದ್ರೆ ನಮ್ಮಲ್ಲಿ ಇಲ್ಲ ಅಂತ. ಬೆಂಗಳೂರಿನವ್ರದ್ದೂ ತಪ್ಪಿಲ್ಲ, ನಮ್ಮ ಸೊಸೇದೂ ತಪ್ಪಿಲ್ಲ. ಈ ಹಲ್ಲಿಲ್ಲದ ಬಾಯಿದೇ ತಪ್ಪು."

ಅವಳು ಗೊಳ್ಳೆಂದು ನಕ್ಕಳು. "ಇರ್ಲಿ ಬಿಡ್ರಿ ಅಜ್ಜಾರ. ಮತ್ತೇನೈತ್ರಿ?"

ಜೀವಮಾನವಿಡೀ ಮೀನು ಮಾರಿದವನ ಎದುರು ಆಡಬಾರದ ಮಾತದು. ಮಾಸ್ತಿಯ ಬೆನ್ನು ತಾನಾಗಿ ನೆಟ್ಟಗಾಯಿತು. "ಒಣ ಸಿಗಡಿ ತಗೊಳ್ಳಿ, ತಾಯಿ. ಹುರಿದು, ಕಾಯಿ ಹಾಕಿ ಚಟ್ನಿ ಅರೀರಿ. ಗಂಜಿ ಎಷ್ಟು ಇಳೀತು ಅಂತ ಹೊಟ್ಟೆಗೇ ಗೊತ್ತಾಗೂದಿಲ್ಲ." ಆಯಿತು, ಅದನ್ನೇ ಕಳಿಸಿ ಎಂದಳು ಅವಳು. ಬೆಳಗಾವಿಯವರೂ ಒಪ್ಪಿದರು. ದಾವಣಗೆರೆಯವರು ನೆಂಟರಿಗೂ ಸೇರಿಸಿ ಹೇಳಿದರು. ನಿಜ ಹೇಳಿದ್ದಕ್ಕೆ ಐದೂ ಸ್ಟಾರ್ ಕೊಡುತ್ತೇನೆ ಎಂದರು ಬೆಂಗಳೂರಿನ ಮಾಸ್ತರರೊಬ್ಬರು. ಮಾತಾಡುತ್ತ ಮಾತಾಡುತ್ತ ಮಾಸ್ತಿ, ಬೈಸಿಕೊಳ್ಳಲು ಕೂತವನೆಂಬುದನ್ನೇ ಮರೆತ. ಈ ಏಜೆನ್ಸಿಯವರಿಗೆ ಒಂದಿನ ಪುರಸೊತ್ತು ಮಾಡಿಕೊಂಡು ಕಸುಬು ಕಲಿಸಬೇಕು ಎಂದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಸುಚಿತಾ ಹೊರಗೆ ಬಂದಳು. "ಎಷ್ಟು ಜನ ಬೈದ್ರು, ಮಾವ?"

"ಬೈಯ್ಯೂದಾ? ಒಬ್ಬರನ್ನೂ ಬರಿಗೈಲಿ ಬಿಡ್ಲಿಲ್ಲ, ಮಗಾ. ನೀ ಎಲ್ಲಿಗೂ ಹೋಗೂದು ಬ್ಯಾಡ. ಬರ್ಕೊ, ಎಲ್ಲರಿಗೂ ಒಣ ಸಿಗಡಿ."

ಸುಚಿತಾ ಜಗಲಿಯ ಆ ಮೂಲೆಯತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಸಿಗಡಿಯ ದೊಡ್ಡ ಡಬ್ಬಿಯನ್ನು ಯಾವಾಗಲೋ ತೊಳೆದು ಬೋರಲು ಹಾಕಿತ್ತು. ಮನೆಯ ಬೆಕ್ಕು ಅದರ ಸುತ್ತ ಒಂದು ಸುತ್ತು ಮೂಸಿ ನೋಡಿ, ಬಾಲ ಎತ್ತಿಕೊಂಡು ಪಕ್ಕದ ಮನೆಗೆ ಹೋಯಿತು.