ಮುಗಿಲ ಪೆಟ್ಟಿಗೆಗೆ ಉಡಿ

“ಅಯ್ಯಯ್ಯೋ! ಇದನ್ನ ಬಿಚ್ಚಿದವರು ಯಾರ್ರಿ?”

ಜೀಪಿನಿಂದ ಜಿಗಿದ ಭಾರ್ಗವನ ಕೂಗಿಗೆ ದೊಡವಾಡದ ಹೊಲದಲ್ಲಿ ನೆರೆದಿದ್ದ ಮಂದಿ ಹಿಂದೆ ಸರಿದು ದಾರಿ ಬಿಟ್ಟರು. ಹೈದರಾಬಾದಿನಲ್ಲಿ ಅವನು ಬಲೂನಿಗೆ ಕಟ್ಟಿ ಹಾರಿಸಿದ್ದ ಪೆಟ್ಟಿಗೆ ನಿನ್ನೆ ಸಂಜೆ ಪ್ಯಾರಾಶೂಟಿನಲ್ಲಿ ಇಳಿದು ಬಾಯವ್ವನ ಜೋಳದ ನಡುವೆ ಕೂತಿತ್ತು. ಈಗ ನೋಡಿದರೆ ಮುಚ್ಚಳವೇ ಇಲ್ಲ. ಒಳಗೆ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು, ತೆಂಗಿನಕಾಯಿ, ಮೇಲೊಂದು ಹಸಿರು ಖಣ!

“ನಾನs ಬಿಚ್ಚಿಸೀನಿ, ತಮ್ಮಾ,” ಬಾಯವ್ವ ಮುಂದೆ ಬಂದಳು. “ಮುಗಲಿಂದ ಇಳದ ಬಂದಾಕಿನ್ನ ಬರೇ ಉಡೀಲೆ ಹೆಂಗ ಕಳಸೂದು? ನಿಜಗುಣಪ್ಪ ಪಂಪ್‌ಸೆಟ್ಟಿನ ಪಾನಾ ತಂದು ಬಿಚ್ಚಿದ. ನಾ ಉಡಿ ತುಂಬಿದೆ.”

“ಒಳಗ ಕರೇ ಕಾಗದದ ಪಾಕೀಟ ಇದ್ದೂವಲ್ಲ?”

“ಥೂ! ಉಡಿಯೊಳಗ ಕರೇದು ಇರಬಾರದಪಾ. ಹರದ ಒಗದೆ. ಒಳಗಿನ ಹಾಳಿ ಒರಸಿ ಬಿಸಲಿಗೆ ಇಟ್ಟೇನಿ, ನೋಡು.”

ಬದುವಿನ ಮೇಲೆ ಫಿಲ್ಮುಗಳು ಹಪ್ಪಳದಂತೆ ಒಣಗುತ್ತಿದ್ದವು. ಭಾರ್ಗವನ ಮೈಯೆಲ್ಲ ಉರಿಯಿತು. ನಕ್ಷತ್ರಗಳ ಕಡೆಯಿಂದ ಬರುವ ಎಲೆಕ್ಟ್ರಾನುಗಳು ಹಾದುಹೋದ ಗುರುತು ಇದ್ದದ್ದು ಆ ಫಿಲ್ಮಿನಲ್ಲಷ್ಟೇ. ಬೆಳಕು ತಾಗಿತೋ, ಮುಗಿಯಿತು. ಈ ಒಂದು ಹಾರಾಟಕ್ಕಾಗಿ ಅವನು ಯಾರ್ಯಾರ ಬಾಗಿಲು ಕಾದಿದ್ದನೋ! ಎಲ್ಲಾ ನೀರಿನಲ್ಲಿ ಹೋಮ ಮಾಡಿದಂತಾಯಿತು.

“ತಲಿ ಅದ ಏನ್ರಿ ನಿಮಗ? ಬಿಚ್ಚಬ್ಯಾಡ್ರಿ ಅಂತ ಪೆಟ್ಟಿಗಿ ಮ್ಯಾಲ ಇಷ್ಟ ದೊಡ್ಡದಾಗಿ ಬರದದ! ಊರಾಗ ಒಬ್ಬರಿಗೂ ಕಣ್ಣ ಇರಲಿಲ್ಲೇನು?”

ಬಾಯವ್ವನಿಗೂ ಸಿಟ್ಟು ನೆತ್ತಿಗೇರಿತು. ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

“ಕಣ್ಣ ಅದಾವು. ನಿಜಗುಣಪ್ಪ ದಿನಾ ಪೇಪರ ಓದತಾನ. ಮೊದಲ ಅವಗs ತೋರಿಸೀನಿ. ಅವಗೂ ತಿಳೀಲಿಲ್ಲ. ನಿನ್ನ ಊರ ಯಾವದೋ?”

“ಇಲ್ಲೇ, ರಾಮದುರ್ಗ.”

“ಹಂಗಾರ ಇದನ್ನ ಬರದವರು ಯಾರು?”

ಭಾರ್ಗವ ಪೆಟ್ಟಿಗೆಯತ್ತ ತಿರುಗಿದ. ಕೆಂಪು ಬಣ್ಣದ ದಪ್ಪ ಇಂಗ್ಲಿಷ್ ಅಕ್ಷರಗಳು. ಬರೆದವನೂ ಅವನೇ, ಅಂಟಿಸಿದವನೂ ಅವನೇ. ಕನ್ನಡದ ಒಂದಕ್ಷರವೂ ಇರಲಿಲ್ಲ.

ಬಾಯವ್ವ ಆ ಅಕ್ಷರಗಳ ಮೇಲೆ ಬೆರಳಿಟ್ಟಳು.

“ಬಂದ ಬೀಳೂದು ನಮ್ಮ ಹೊಲದಾಗ. ನೀ ಇದನ್ನ ಬರದದ್ದು ಮುಗಿಲು ಓದಲಿ ಅಂತೇನೋ, ತಮ್ಮಾ?”