ಏಳನೆಯ ಪ್ರಶ್ನೆ

ಬೆಳಿಗ್ಗೆ ಹತ್ತೂ ಇಪ್ಪತ್ತು. ಲಿಂಗರಾಜಪುರದ ಕ್ಲಿನಿಕ್ಕಿನಲ್ಲಿ ರಾಜಶೇಖರ ಹೆಂಡತಿ ಗೌತಮಿಯ ಪರವಾಗಿ, ಬಾಣಂತಿಯರ ಮನಸ್ಥಿತಿ ಕೇಳುವ ಇಂಗ್ಲಿಷ್ ಫಾರಂ ತುಂಬುತ್ತಿದ್ದ. ಎರಡು ತಿಂಗಳ ಮಗು ಅವಳ ಮಡಿಲಲ್ಲಿತ್ತು. ಏಳನೆಯ ಪ್ರಶ್ನೆ: ಕಾರಣವಿಲ್ಲದೆ ಎಷ್ಟು ಸಲ ಅಳು ಬರುತ್ತದೆ? ಎದುರಿಗೆ ನಾಲ್ಕು ಚೌಕಗಳು: ನೆವರ್, ರೇರ್ಲಿ, ಸಮ್‌ಟೈಮ್ಸ್, ಆಫನ್.

“ರೇರ್ಲಿ ಅಂದ್ರೇನ್ರೀ?”

“ಅಪರೂಪಕ್ಕೆ.”

“ಅದಕ್ಕೇ ಟಿಕ್ ಹಾಕಿ. ಜಾಸ್ತಿ ಅಂತ ಗೊತ್ತಾದ್ರೆ, ಇವಳ ಕೈಲಾಗಲ್ಲ ಅಂತ ನಿಮ್ಮಮ್ಮ ಮಗೂನ ಊರಿಗೆ ಎತ್ಕೊಂಡು ಹೋಗ್ಬಿಡ್ತಾರೆ.”

ರಾಜಶೇಖರ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವನು. “ನಮ್ಮ ಷಾಪಲ್ಲಿ ಅಪರೂಪಕ್ಕೆ, ಆಗಾಗ ಅಂತೆಲ್ಲ ಬರೆದ್ರೆ ರಿಪೋರ್ಟ್ ವಾಪಸ್ ಬರುತ್ತೆ. ಎಷ್ಟು ಸಲ ಅಂತ್ಲೇ ಬರೀಬೇಕು,” ಎನ್ನುತ್ತಾ ಜೇಬಿನಿಂದ ಶಿಫ್ಟ್ ಡೈರಿ ತೆಗೆದ. ತಾರೀಖುಗಳ ಪಕ್ಕದಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನ ಚುಕ್ಕೆಗಳಿದ್ದವು. “ಮೂವತ್ತು ದಿನದಲ್ಲಿ ಹತ್ತೊಂಬತ್ತು.”

“ಏನದು ಹತ್ತೊಂಬತ್ತು?”

“ನೀನು ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅತ್ತಿದ್ದು. ನಾನು ಡ್ಯೂಟೀಲಿದ್ದಾಗ ಅತ್ತಿದ್ದು ಇದ್ರಲ್ಲಿಲ್ಲ.”

ಗೌತಮಿ ಚುಕ್ಕೆಗಳನ್ನೇ ನೋಡಿದಳು. “ಗೊತ್ತಿದ್ದೂ ಒಂದ್ಮಾತು ಕೇಳ್ಲಿಲ್ವಲ್ರೀ?”

“ಹೇಗೆ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಬರ್ಕೊಂಡೆ.” ಅವನು ಡೈರಿ ಮುಚ್ಚಿದ. “ಅಮ್ಮನ ಹತ್ರ ನಾನ್ ಮಾತಾಡ್ತೀನಿ. ಮಗು ಎಲ್ಲಿಗೂ ಹೋಗಲ್ಲ.”

“ಆಗಾಗ್ಗೆ ಅನ್ನೋದು ಯಾವ ಚೌಕ?”

ಅವನು ಕೊನೆಯದನ್ನು ತೋರಿಸಿದ. ಗೌತಮಿ ಮಗುವನ್ನು ಅವನ ಕೈಗೆ ಕೊಟ್ಟು, ಪೆನ್ನು ತೆಗೆದುಕೊಂಡು ತಾನೇ ಟಿಕ್ ಹಾಕಿದಳು. ಹತ್ತೂ ಮೂವತ್ತೈದಕ್ಕೆ ನರ್ಸ್ ಅವಳ ಹೆಸರು ಕರೆದಾಗ ಮೂವರೂ ಒಳಗೆ ಹೋದರು.